ಗ್ರೇಡ್ 2 ಫ್ಯಾಟಿ ಲಿವರ್‌ಗೆ ನಿಜವಾಗಿ ಕೆಲಸ ಮಾಡುವ ಮಾತ್ರೆ ಇದೆಯೇ?

ನಿಮಗೆ 42 ವರ್ಷ, ಮದ್ಯಪಾನದ ಅಭ್ಯಾಸವಿಲ್ಲ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ. ಸ್ಕ್ಯಾನಿಂಗಿನಲ್ಲಿ ಗ್ರೇಡ್ 2 ಎಂದು ಬಂದ ಮೇಲೆ ಬರೆದುಕೊಟ್ಟ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ ಮತ್ತು ಸಿಲಿಮರಿನ್ ಮಾತ್ರೆಗಳನ್ನು ಮೂರು ತಿಂಗಳು ನುಂಗಿಯೂ ಗುಣ ಕಾಣದೆ, ಬೇರೆ ಔಷಧವಿದೆಯೇ ಎಂದು ಕೇಳಿದ್ದೀರಿ. ನಾನು ಔಷಧಶಾಸ್ತ್ರ ಬೋಧಿಸುವವನೇ ಹೊರತು ರೋಗಿಗಳನ್ನು ನೋಡುವ ವೈದ್ಯನಲ್ಲ; ಆ ಮಿತಿಯಲ್ಲಿ ಉತ್ತರಿಸುತ್ತೇನೆ.

ಗ್ರೇಡ್ ಎಂಬುದು ಯಕೃತ್ತಿನಲ್ಲಿ ಎಷ್ಟು ಕೊಬ್ಬು ಕಾಣುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಔಷಧ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಕೊಬ್ಬಲ್ಲ, ಯಕೃತ್ತು ನಾರುಗಟ್ಟಿದೆಯೇ, ಅಂದರೆ ಫೈಬ್ರೋಸಿಸ್ ಆಗಿದೆಯೇ ಎಂಬ ಸಂಗತಿ. ಇದನ್ನು ಅಂದಾಜಿಸಲು ಫಿಬ್-4 ಎಂಬ ಲೆಕ್ಕವಿದೆ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಬೇಕು (ಎಎಸ್‌ಟಿ, ಎಎಲ್‌ಟಿ ಎಂದರೆ ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು). ನೀವು ಕೊಟ್ಟಿರುವ ಎಎಸ್‌ಟಿ 48, ಎಎಲ್‌ಟಿ 76, ಪ್ಲೇಟ್‌ಲೆಟ್ 2.1 ಲಕ್ಷ ಹಾಕಿ ನೋಡಿದರೆ ಸುಮಾರು 1.1 ಬರುತ್ತದೆ. 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. ಆದರೂ ಸಕ್ಕರೆಯ ಅಂಶ ಏರುತ್ತಿರುವುದರಿಂದ ಒಮ್ಮೆ ಫೈಬ್ರೋಸ್ಕ್ಯಾನ್ (ಯಕೃತ್ತು ಎಷ್ಟು ಗಡುಸಾಗಿದೆ ಎಂದು ಅಳೆಯುವ ಸ್ಕ್ಯಾನ್) ಮಾಡಿಸುವ ವಿಚಾರವನ್ನು ವೈದ್ಯರೊಂದಿಗೆ ಚರ್ಚಿಸುವುದು ಒಳ್ಳೆಯದು.

ಹೊಸ ಔಷಧಗಳ ವಿಚಾರದಲ್ಲಿ ಈ ಲೆಕ್ಕವೇ ಮುಖ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್ ಮಾತ್ರೆಗೆ, 2025ರ ಆಗಸ್ಟ್‌ನಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ಗೆ ಅನುಮತಿ ನೀಡಿತು. ಎರಡೂ ಮಧ್ಯಮದಿಂದ ತೀವ್ರ ಹಂತದ ಫೈಬ್ರೋಸಿಸ್ ಇದ್ದು ಇನ್ನೂ ಸಿರೋಸಿಸ್ (ಯಕೃತ್ತು ಪೂರ್ತಿ ನಾರುಗಟ್ಟಿ ಗಂಟುಗಂಟಾಗುವ ಕೊನೆಯ ಹಂತ) ಆಗದವರಿಗೆ. ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿ 72 ವಾರಗಳ ಬಳಿಕ ಶೇ. 63ರಷ್ಟು ಮಂದಿಯಲ್ಲಿ ಉರಿಯೂತ ಶಮನವಾಯಿತು, ಆದರೆ ಹುಸಿಮದ್ದು ಪಡೆದವರಲ್ಲಿಯೂ ಆ ಪ್ರಮಾಣ ಶೇ. 34ರಷ್ಟಿತ್ತು ಎಂಬುದನ್ನು ಮರೆಯಬಾರದು. ನಮ್ಮ ದೇಶದ್ದೇ ಆದ ಸರೋಗ್ಲಿಟಜಾರ್, ಅಹಮದಾಬಾದಿನ ಝೈಡಸ್ ಸಂಸ್ಥೆಯದು, 2020ರಲ್ಲಿ ಈ ರೋಗಕ್ಕೆ ಇಲ್ಲಿ ಅನುಮತಿ ಪಡೆಯಿತು. ದಿನಕ್ಕೆ 4 ಮಿಲಿಗ್ರಾಂ ಕೊಟ್ಟ 16 ವಾರಗಳ ಒಂದು ಪ್ರಯೋಗದಲ್ಲಿ ಎಎಲ್‌ಟಿ ಸುಮಾರು ಶೇ. 46ರಷ್ಟು ಇಳಿಯಿತು, ಕೊಬ್ಬೂ ಕರಗಿತು. ಆದರೆ ರಕ್ತದ ವರದಿ ಸುಧಾರಿಸಿದ ಮಾತ್ರಕ್ಕೆ ನಾರು ಕರಗಿತೆಂದು ಹೇಳಲಾಗದು.

ವಿಟಮಿನ್ ಇ ಕುರಿತೂ ಕೇಳಿದ್ದೀರಿ. ಚರ್ಮದ ಕಾಂತಿಗೆಂದು ಮನೆಮನೆಯಲ್ಲಿ ಬಳಸುವ ಆ ಕ್ಯಾಪ್ಸೂಲಿನ ಸಾರವೇ ಅದು. 2010ರಲ್ಲಿ ಪ್ರಕಟವಾದ ಪಿವೆನ್ಸ್ ಪ್ರಯೋಗದಲ್ಲಿ ದಿನಕ್ಕೆ 800 ಯೂನಿಟ್‌ನಂತೆ 96 ವಾರ ಕೊಟ್ಟಾಗ ಶೇ. 43 ಮಂದಿಗೆ ಗುಣ ಕಂಡಿತು, ಹುಸಿಮದ್ದಿನಲ್ಲಿ ಶೇ. 19. ಅವರೆಲ್ಲ ಬಯಾಪ್ಸಿಯಲ್ಲಿ ಉರಿಯೂತ ಖಚಿತವಾದ, ಮಧುಮೇಹವಿಲ್ಲದ ರೋಗಿಗಳು. ದೀರ್ಘಕಾಲ ಸೇವಿಸಿದರೆ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ತುಸು ಏರಬಹುದೆಂಬ ಆತಂಕವೂ ಇರುವುದರಿಂದ ಇದನ್ನು ಸ್ವಂತ ನಿರ್ಧಾರದಿಂದ ಆರಂಭಿಸಬೇಡಿ. ಸಕ್ಕರೆ ಕಾಯಿಲೆಯ ಔಷಧವಾದ ಪಯೋಗ್ಲಿಟಜೋನ್ ಉರಿಯೂತವನ್ನು ತಗ್ಗಿಸುತ್ತದೆ, ಆದರೆ ತೂಕ ಹೆಚ್ಚಿಸುತ್ತದೆ. ಮೆಟ್‌ಫಾರ್ಮಿನ್ ಸಕ್ಕರೆಗೆ ಸರಿ, ಯಕೃತ್ತಿನ ಗಾಯಕ್ಕಲ್ಲ. ನಿಮ್ಮ ಕೈಯಲ್ಲಿರುವ ಎರಡು ಮಾತ್ರೆಗಳ ಪರವಾಗಿಯೂ ಗಟ್ಟಿಯಾದ ಪುರಾವೆಯಿಲ್ಲ. ಅವನ್ನು ನಿಲ್ಲಿಸಬಹುದೇ ಎಂದು ಮುಂದಿನ ಭೇಟಿಯಲ್ಲಿ ನೇರವಾಗಿಯೇ ಕೇಳಿ.

ನಿಮ್ಮ ತೂಕ 84 ಕಿಲೋ ಎಂದಿದ್ದೀರಿ. ಅದರಲ್ಲಿ ಶೇ. 7ರಿಂದ 10, ಅಂದರೆ ಆರರಿಂದ ಎಂಟು ಕಿಲೋ ಇಳಿದರೆ ಉರಿಯೂತವೂ ತಗ್ಗುವ ಸಾಧ್ಯತೆ ಹೆಚ್ಚು. ನಿಮ್ಮ ಹಂತದಲ್ಲಿ ಇದಕ್ಕೆ ಸಮನಾದ ಮಾತ್ರೆಯನ್ನು ನಾನು ಕಾಣೆ. ಕೊಲೆಸ್ಟರಾಲ್‌ಗೆ ಕೊಟ್ಟಿರುವ ಸ್ಟಾಟಿನ್ ಅನ್ನು ಲಿವರ್ ಹೆಸರಿನಲ್ಲಿ ಬಿಡಬೇಡಿ, ಫ್ಯಾಟಿ ಲಿವರ್ ಇದ್ದವರಿಗೂ ಅದು ಸುರಕ್ಷಿತವೇ. ಬಿಡಬೇಕಾದದ್ದು ಕೋವಿಡ್ ಕಾಲದಿಂದ ಕುಡಿಯುತ್ತಿರುವ ಅಮೃತಬಳ್ಳಿಯ ಕಷಾಯವನ್ನು: ಅದರ ಸೇವನೆಯಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ, ಮತ್ತು ನಿಮ್ಮ ಎಎಲ್‌ಟಿ ಏರಿರುವುದರಲ್ಲಿ ಅದರ ಪಾಲೆಷ್ಟು ಎಂಬುದು ಅದನ್ನು ನಿಲ್ಲಿಸಿ ಮತ್ತೊಮ್ಮೆ ರಕ್ತ ಪರೀಕ್ಷಿಸಿದಾಗಲೇ ಗೊತ್ತಾಗುವುದು.