ಕಾಫಿಯ ಬೆಲೆಯಲ್ಲಿ ಕಾಫಿ ಎಷ್ಟು?

ಮಾನ್ಯ ಓದುಗರೆ,

ಮನೆಯಲ್ಲಿ ಅಷ್ಟೇ ಒಳ್ಳೆಯ ಕಾಫಿಯನ್ನು ಅಗ್ಗವಾಗಿ ಮಾಡಿಕೊಳ್ಳಬಲ್ಲವರು ಹೆಸರಾಂತ ಕಂಪನಿಯ ಮಳಿಗೆಯಲ್ಲಿ ಹಲವು ಪಟ್ಟು ಹಣ ತೆತ್ತು ಕುಡಿಯುವುದೇಕೆ, ಪಕ್ಕದಲ್ಲೇ ಬೇರೆ ಅಂಗಡಿಯಿದ್ದರೂ ಅಲ್ಲಿಗೇ ಮರಳುವುದೇಕೆ ಎಂದು ಕೇಳಿರುವ ತಾವು, 'ಇದು ಜಾಹೀರಾತಿಗೆ ಮರುಳಾದವರ ದಡ್ಡತನ' ಎಂದು ಉತ್ತರವನ್ನೂ ತಾವೇ ಬರೆದಿದ್ದೀರಿ. ಪ್ರಶ್ನೆ ಸರಿಯಾಗಿದೆ, ಉತ್ತರದ ಬಗ್ಗೆ ನನ್ನ ತಕರಾರಿದೆ.

ಮಳಿಗೆಯ ಕಾಫಿಯ ಬೆಲೆಯಲ್ಲಿ ಬೀಜದ ಪಾಲು ಚಿಕ್ಕದು. ಬಾಡಿಗೆ, ಸಂಬಳ, ಯಂತ್ರಗಳ ಖರ್ಚಿನ ಜೊತೆಗೆ, ಬಹಳ ಹೊತ್ತು ಕುಳಿತರೂ ಯಾರೂ ಎಬ್ಬಿಸದ ಕುರ್ಚಿಯ ಬೆಲೆಯೂ ಅದರಲ್ಲಿ ಸೇರಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ, ಮನೆಯೂ ಅಲ್ಲದ ಕೆಲಸದ ಜಾಗವೂ ಅಲ್ಲದ 'ಮೂರನೆಯ ತಾಣ'ದ ಬಗ್ಗೆ ಬರೆದರು. ಮುಂದೆ ಸ್ಟಾರ್‌ಬಕ್ಸ್ ತನ್ನ ಮಳಿಗೆಗಳನ್ನು ಅದೇ ಮಾತಿನಿಂದ ಬಣ್ಣಿಸಿತು. ಲೋಟ ಕೈಗೆ ಬಂದೊಡನೆ ಹೊರಟುಬಿಡುವವರೂ ದುಬಾರಿ ಬೆಲೆಯನ್ನೇ ತೆರುತ್ತಾರಲ್ಲ ಎಂದು ತಾವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ, ಕುರ್ಚಿಯೊಂದರಿಂದಲೇ ಈ ಒಗಟು ಬಿಡಿಸಲಾಗದು.

ಬೆಲೆ ರುಚಿಯನ್ನೂ ಬದಲಿಸುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ವೈನನ್ನು ಒಮ್ಮೆ 5 ಡಾಲರಿನದೆಂದೂ ಮತ್ತೊಮ್ಮೆ 45 ಡಾಲರಿನದೆಂದೂ ಹೇಳಿ ಕುಡಿಸಿದಾಗ, ದುಬಾರಿಯೆಂದು ತಿಳಿದು ಕುಡಿದದ್ದೇ ಹೆಚ್ಚು ಹಿಡಿಸಿತೆಂದು ಭಾಗವಹಿಸಿದವರು ಹೇಳಿದರು. ಮಾತ್ರವಲ್ಲ, ಮಿದುಳಿನಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಭಾಗವೂ ಆಗ ಹೆಚ್ಚು ಚುರುಕಾಗಿತ್ತು. ಕೆಲವು ವಾರಗಳ ನಂತರ ಬೆಲೆ ತಿಳಿಸದೆ ಕುಡಿಸಿದರೆ ಆ ವ್ಯತ್ಯಾಸವೇ ಇರಲಿಲ್ಲ. ವೈನಿಗೆ ಆದದ್ದು ಕಾಫಿಗೆ ಆಗಲಾರದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಆ ಜನ ನಟಿಸುತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನಿಜವಾಗಿ ಅನುಭವಿಸಿದ ಸುಖಕ್ಕೆ ಹಣ ಕೊಟ್ಟವರನ್ನು ದಡ್ಡರೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಬ್ರ್ಯಾಂಡ್ ನಿಷ್ಠೆಯ ಮಾತು ಬೇರೆ. ಅದರಲ್ಲಿ ಪ್ರೀತಿಗಿಂತ ರೂಢಿಯ ಪಾಲೇ ಹೆಚ್ಚೆಂದು ನನ್ನ ಎಣಿಕೆ. ಅವಸರದಲ್ಲಿ ಕೆಲಸಕ್ಕೆ ಹೊರಟವರಿಗೆ ಅತ್ಯುತ್ತಮ ಕಾಫಿಗಿಂತ ನಿನ್ನೆಯಂಥದೇ ಕಾಫಿ ಬೇಕಾಗಿರುತ್ತದೆ. ಪರಿಚಿತ ಹೆಸರು ಆ ಭರವಸೆಯನ್ನು ಕೊಡುತ್ತದೆ. ಮಿಕ್ಕದ್ದನ್ನು, ಕೊಂಡ ಪ್ರತಿ ಕಾಫಿಗೂ ಒಂದೊಂದು ಮನೆಗೆ ಮುದ್ರೆ ಒತ್ತಿ, ಎಲ್ಲ ಮನೆಗಳೂ ತುಂಬಿದಾಗ ಒಂದು ಕಾಫಿ ಉಚಿತವಾಗಿ ಕೊಡುವ ಕಾರ್ಡು ನೋಡಿಕೊಳ್ಳುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವರಿಗೆ 10 ಮನೆಗಳ ಖಾಲಿ ಕಾರ್ಡನ್ನೂ, ಕೆಲವರಿಗೆ 12 ಮನೆಗಳಲ್ಲಿ ಎರಡಕ್ಕೆ ಮೊದಲೇ ಮುದ್ರೆ ಒತ್ತಿದ ಕಾರ್ಡನ್ನೂ ಕೊಟ್ಟಿದ್ದರು. ಒಂದು ಕಾಫಿ ಉಚಿತವಾಗಿ ಸಿಗಬೇಕಾದರೆ ಇಬ್ಬರೂ ಕೊಳ್ಳಬೇಕಾದದ್ದು ಹತ್ತೇ ಕಾಫಿ. ಆದರೂ ಎರಡನೆಯ ಗುಂಪಿನವರು ಬೇಗ ಮುಗಿಸಿದರು. ಮರುಳುಗೊಳಿಸುವಿಕೆ ಎಂಬ ತಮ್ಮ ಮಾತನ್ನು ನಾನು ಒಪ್ಪುವುದಾದರೆ ಇಲ್ಲಿ ಒಪ್ಪುತ್ತೇನೆ.

ಆದರೆ ಹೆಸರೊಂದೇ ಎಲ್ಲ ಕಡೆಯೂ ಜನರನ್ನು ಕಟ್ಟಿಹಾಕುವುದಿಲ್ಲ. 2000ದಲ್ಲಿ ಆಸ್ಟ್ರೇಲಿಯಕ್ಕೆ ಕಾಲಿಟ್ಟ ಸ್ಟಾರ್‌ಬಕ್ಸ್, 2008ರಲ್ಲಿ ಅಲ್ಲಿನ 61 ಮಳಿಗೆಗಳನ್ನು, ಎಂದರೆ ತನ್ನ ಬಹುಪಾಲು ಮಳಿಗೆಗಳನ್ನು, ಮುಚ್ಚಬೇಕಾಯಿತು. ಇಟಲಿಯಿಂದ ವಲಸೆ ಬಂದವರು ಕಲಿಸಿದ ಎಸ್ಪ್ರೆಸೊಗೆ ಒಗ್ಗಿಹೋಗಿದ್ದ ಅಲ್ಲಿನವರಿಗೆ ಅದಾಗಲೇ ತಮ್ಮ ತಮ್ಮ ಕೇರಿಯ ಅಂಗಡಿಗಳ ಮೇಲೆ ನಿಷ್ಠೆಯಿತ್ತು.

– ಸಂಪಾದಕ