ಪಶ್ಚಿಮಕ್ಕೆ ಗಾಜಿನ ಗೋಡೆ: ಪರದೆ ಎಳೆದರೆ ಸಾಕೇ?

ಪ್ರಶ್ನೆ: ನಗರದ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಆರ್ಕಿಟೆಕ್ಟ್ ತೋರಿಸಿದ ತ್ರೀಡಿ ಚಿತ್ರದಲ್ಲಿ ಹಜಾರದ ಪಶ್ಚಿಮ ಗೋಡೆ ನೆಲದಿಂದ ಚಾವಣಿಯವರೆಗೆ ಗಾಜು. ಮನೆಮಂದಿಗೆಲ್ಲ ಅದು ಹಿಡಿಸಿದೆ. ಸೆಕೆಯಾದರೆ ಪರದೆ ಎಳೆದರಾಯಿತು ಎನ್ನುತ್ತಾರೆ. ನನಗೇಕೋ ಅಳುಕು.

ಉತ್ತರ: ಅಳುಕು ಸರಿಯಾಗಿಯೇ ಇದೆ. ಪರದೆ ಕಣ್ಣು ಕುಕ್ಕುವ ಬೆಳಕನ್ನು ತಡೆಯುತ್ತದೆ, ಸೆಕೆಯನ್ನಲ್ಲ. ಬಿಸಿಲು ಗಾಜು ದಾಟಿ ಪರದೆಗೆ ಬಡಿಯುವ ಹೊತ್ತಿಗೆ ಶಾಖ ಮನೆಯೊಳಗೆ ಬಂದಾಗಿರುತ್ತದೆ. ಕಾದ ಬಟ್ಟೆ ಸೂಸುವ ಶಾಖಕ್ಕೆ ಗಾಜು ಮತ್ತೆ ಹೊರಗೆ ದಾರಿ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ರಾಚುವುದು ಇದೇ. ಹಾಗಾಗಿ ಬಿಸಿಲನ್ನು ಗಾಜಿನ ಆಚೆಗೇ ನಿಲ್ಲಿಸಬೇಕು.

ಅದಕ್ಕೆಂದು ಸಜ್ಜಾ ಚಾಚಿಸಿ ನಿಶ್ಚಿಂತರಾಗುವವರೂ ಇದ್ದಾರೆ. ಸಜ್ಜಾ ನೆತ್ತಿಯ ಸೂರ್ಯನಿಗೆ ಮದ್ದು. ಇಳಿಹೊತ್ತಿನ ಸೂರ್ಯ ಅದರ ಅಡಿಯಿಂದಲೇ ನುಸುಳುತ್ತಾನೆ. ಸೂರ್ಯ ಗಾಜಿಗೆ ನೇರ ಎದುರಾಗಿ, ದಿಗಂತದಿಂದ 20 ಡಿಗ್ರಿ ಮೇಲಿದ್ದಾನೆ ಎನ್ನಿ. 3 ಅಡಿ ಸಜ್ಜಾದ ನೆರಳು ಗಾಜಿನ ಮೇಲೆ ಇಳಿಯುವುದು ಹೆಚ್ಚುಕಡಿಮೆ 1 ಅಡಿ. ಗಾಜಿನ ಎತ್ತರ 10 ಅಡಿಯಾದರೆ ಉಳಿದ 9 ಅಡಿ ಬಟಾಬಯಲು.

ಪಶ್ಚಿಮಕ್ಕೆ ಬೇಕಾದದ್ದು ಗಾಜಿನ ಹೊರಗೆ ನೆಟ್ಟಗೆ ನಿಲ್ಲುವ ಪಟ್ಟಿಗಳು. ಅವೂ ಗೋಡೆಯಿಂದ ನೇರ ಹೊರಕ್ಕೆ ಚಾಚಿದ್ದರೆ ಎದುರಿನ ಸೂರ್ಯನಿಗೆ ಬಾಗಿಲು ತೆರೆದಂತೆ. ಓರೆಯಾಗಿರಬೇಕು, ಇಲ್ಲವೇ ಕೈಯಿಂದ ತಿರುಗಿಸುವಂತಿರಬೇಕು. ಗಾಜಿನ ಹೊರಗೆ ಸುರುಳಿ ಬಿಚ್ಚಿ ಇಳಿಸುವ ಪರದೆಯೂ ಆದೀತು. ಬಣ್ಣದ ಗಾಜನ್ನು ಮಾತ್ರ ನೆಚ್ಚಬೇಡಿ, ಅದು ಶಾಖ ಹೀರಿ ತಾನೇ ಕಾಯುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹ್ ಅಮೆರಿಕದಲ್ಲಿ 1951ರಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಮನೆಯ ನಾಲ್ಕೂ ಗೋಡೆ ಗಾಜು. ಆಧುನಿಕ ವಾಸ್ತುಶಿಲ್ಪದ ಮೇರುಕೃತಿ, ಆದರೆ ಬೇಸಿಗೆಯಲ್ಲಿ ಒಳಗಿರುವುದು ಕಷ್ಟ ಎಂಬ ದೂರು ಅದಕ್ಕೆ ಅಂಟಿಕೊಂಡೇ ಬಂತು.

ತ್ರೀಡಿ ಚಿತ್ರಗಳಲ್ಲಿ ಸೂರ್ಯ ಯಾವಾಗಲೂ ಹಿತವಾದ ಜಾಗದಲ್ಲೇ ಇರುತ್ತಾನೆ, ಗಮನಿಸಿದ್ದೀರಾ? ನಿಮ್ಮ ನಿವೇಶನದ ಅಕ್ಷಾಂಶ, ರೇಖಾಂಶ ಹಾಕಿ, ಕಡುಬೇಸಿಗೆಯ ಒಂದು ದಿನ ಸಂಜೆ 4 ಗಂಟೆಗೆ ಮತ್ತು 5 ಗಂಟೆಗೆ ಹಜಾರ ಹೇಗಿರುತ್ತದೆ ಎಂದು ಚಿತ್ರ ಮಾಡಿಕೊಡಲು ಆರ್ಕಿಟೆಕ್ಟರನ್ನು ಕೇಳಿ. ಅವರ ತಂತ್ರಾಂಶದಲ್ಲಿ ಅದು ಕೆಲವೇ ನಿಮಿಷಗಳ ಕೆಲಸ. ಚಿತ್ರದಲ್ಲಿ ಬಿಸಿಲು ಸೋಫಾ ದಾಟಿ ಎದುರು ಗೋಡೆಯನ್ನು ಮುಟ್ಟಿದ್ದರೆ, ಕಿಟಕಿ ಚೌಕಟ್ಟಿಗೆ ಮುಂಗಡ ಕೊಡುವುದನ್ನು ಸದ್ಯಕ್ಕೆ ತಡೆಹಿಡಿಯಿರಿ.