ಗುಣಪಡಿಸದ ಸಂಶೋಧನೆಗೆ ಬೆಲೆ ಇಲ್ಲವೇ?

ಮಾನ್ಯರೇ,

ಅಮೆರಿಕದ ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅವರ ಸಂಶೋಧನಾ ಜೀವನವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ಮಾದಕವಸ್ತು ಚುಚ್ಚಿಕೊಂಡ ಕೆಲವರನ್ನು ಅವರು ಕಂಡದ್ದು ಕೇವಲ ಆಕಸ್ಮಿಕ, ಅದರಲ್ಲಿದ್ದ ವಿಷವು ನಡುಕ, ಬಿಗಿತ ತರುವ ಪಾರ್ಕಿನ್ಸನ್ ಎಂಬ ಮಿದುಳಿನ ಕಾಯಿಲೆಯ ಕಾರಣವೂ ಅಲ್ಲ, ಇಷ್ಟು ದಶಕಗಳಾದರೂ ಕಾಯಿಲೆ ವಾಸಿಯಾಗುತ್ತಿಲ್ಲ, ಆದ್ದರಿಂದ ಲೇಖನದ ಹೊಗಳಿಕೆ ಅತಿಯಾಯಿತು ಎಂಬುದು ನಿಮ್ಮ ಆಕ್ಷೇಪ. ಪಾರ್ಕಿನ್ಸನ್ ಎಂದು ನಾಲ್ಕು ವರ್ಷ ಚಿಕಿತ್ಸೆ ಪಡೆದ ನಿಮ್ಮ ತಂದೆಯವರಿಗೆ ಇರುವುದು ಪಿಎಸ್‌ಪಿ, ಅಂದರೆ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ, ಪಾರ್ಕಿನ್ಸನ್ ಅನ್ನು ಹೋಲುವ ಬೇರೊಂದು ಮಿದುಳಿನ ಕಾಯಿಲೆ, ಎಂದು ವೈದ್ಯರು ಈಗ ಹೇಳುತ್ತಿರುವುದರಿಂದ, ಈ ಸಂಶೋಧನೆಯಿಂದ ಅವರಿಗೇನು ಪ್ರಯೋಜನ ಎಂದೂ ಕೇಳಿದ್ದೀರಿ. ನೀವು ಎತ್ತಿದ ಸಂಗತಿಗಳು ಬಹುಮಟ್ಟಿಗೆ ಸರಿ; ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಆಸ್ಪತ್ರೆಗೆ ಬಂದ, ಮಾದಕವಸ್ತು ಚುಚ್ಚಿಕೊಂಡಿದ್ದ ರೋಗಿಯೊಬ್ಬನಿಗೆ ಮಾತು ಹೊರಡುತ್ತಿರಲಿಲ್ಲ, ಮೈಯೆಲ್ಲ ಸೆಟೆದುಕೊಂಡಿತ್ತು. ಮೊದಲು ನೋಡಿದವರು ಅದನ್ನು ಮನೋರೋಗವೆಂದೇ ಭಾವಿಸಿದ್ದರು. ಅವನು ಲ್ಯಾಂಗ್‌ಸ್ಟನ್ ಅವರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವೇ ಸರಿ. ಆದರೆ ಅದೇ ಆಕಸ್ಮಿಕ 1976ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲೂ ನಡೆದಿತ್ತು. ತಾನೇ ತಯಾರಿಸಿದ ಮಾದಕವಸ್ತುವನ್ನು ಚುಚ್ಚಿಕೊಂಡ ವಿದ್ಯಾರ್ಥಿಯೊಬ್ಬನಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಕಾಣಿಸಿಕೊಂಡ ಆ ಪ್ರಕರಣದ ವರದಿ 1979ರಲ್ಲಿ ಅಚ್ಚಾಯಿತು, ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿಯಿತು. ಲ್ಯಾಂಗ್‌ಸ್ಟನ್ ತಮ್ಮ ಮುಂದಿದ್ದ ರೋಗಿಯಲ್ಲಿಗೇ ನಿಲ್ಲಲಿಲ್ಲ. ಬೇರೊಂದು ಊರಿನಲ್ಲಿ ಇಂಥದೇ ರೋಗಿಗಳನ್ನು ಕಂಡಿದ್ದ ಜೇಮ್ಸ್ ಟೆಟ್ರಡ್ ಅವರೊಡನೆ ಸೇರಿ, ಅದೇ ಮಾದಕವಸ್ತು ಬಳಸಿದವರನ್ನು ಹುಡುಕಿ, ವಸ್ತುವನ್ನು ಪರೀಕ್ಷೆಗೆ ಒಳಪಡಿಸಿ, ಅದರಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕದ ಸುಳಿವು ಹಿಡಿದರು. ನಾಲ್ವರು ರೋಗಿಗಳ ವಿವರ 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಈ ವಿಷ ಕೆಲಸ ಮಾಡುವ ಬಗೆಯನ್ನು ತುಸು ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎಂಪಿಟಿಪಿ ತಾನಾಗಿ ನರಕೋಶವನ್ನು ಕೊಲ್ಲುವುದಿಲ್ಲ. ಅದು ಸಲೀಸಾಗಿ ಮಿದುಳನ್ನು ಹೊಕ್ಕ ಮೇಲೆ, ನರಕೋಶಗಳಿಗೆ ಆಸರೆಯಾಗಿರುವ ಗ್ಲಯಲ್ ಕೋಶಗಳಲ್ಲಿನ ಎಂಎಒ-ಬಿ ಎಂಬ ಕಿಣ್ವ ಅದನ್ನು ನಿಜವಾದ ವಿಷವಾಗಿ ಬದಲಾಯಿಸುತ್ತದೆ. ಚಲನೆಗೆ ಬೇಕಾದ ಸಂದೇಶವಾಹಕ ರಾಸಾಯನಿಕವಾದ ಡೋಪಮಿನ್ ತಯಾರಿಸುವ ಕೋಶಗಳು ಡೋಪಮಿನ್ನನ್ನು ಮರಳಿ ಒಳಗೆಳೆದುಕೊಳ್ಳಲು ಇಟ್ಟುಕೊಂಡಿರುವ ದಾರಿಯಿಂದಲೇ ಈ ವಿಷವನ್ನೂ ಎಳೆದುಕೊಳ್ಳುತ್ತವೆ. ಒಳಹೊಕ್ಕ ವಿಷ ಮೈಟೊಕಾಂಡ್ರಿಯಗಳಲ್ಲಿ ಶಕ್ತಿಯ ಉತ್ಪಾದನೆಯನ್ನು ತಡೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಶಿಸುವ ಸಬ್‌ಸ್ಟಾನ್ಷಿಯಾ ನೈಗ್ರ ಎಂಬ ಮಿದುಳಿನ ಭಾಗದ ಕೋಶಗಳೇ ಇಲ್ಲಿಯೂ ಸಾಯುವುದಕ್ಕೆ ಕಾರಣ ಇದು. ಹಾಗಾದರೆ ಆ ಕಿಣ್ವವನ್ನು ತಡೆದರೆ ಕೋಶಗಳು ಉಳಿಯುತ್ತವೆಯೇ? ಮಂಗಗಳಲ್ಲಿ ಉಳಿದವು. ಆ ಕಿಣ್ವವನ್ನು ತಡೆಯುವ ಸೆಲೆಜಿಲಿನ್ ಎಂಬ ಔಷಧವನ್ನು ರೋಗಿಗಳಿಗೆ ಕೊಟ್ಟು ಟೆಟ್ರಡ್ ಮತ್ತು ಲ್ಯಾಂಗ್‌ಸ್ಟನ್ 1989ರಲ್ಲಿ ಸಣ್ಣ ಅಧ್ಯಯನವೊಂದನ್ನು ಪ್ರಕಟಿಸಿದರು. 800 ರೋಗಿಗಳನ್ನು ಒಳಗೊಂಡ ಡಾಟಾಟಾಪ್ ಎಂಬ ದೊಡ್ಡ ಪರೀಕ್ಷೆಯ ಮೊದಲ ಫಲಿತಾಂಶವೂ ಅದೇ ವರ್ಷ ಬಂತು. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಮುಖ್ಯ ಔಷಧ ಲೆವೊಡೋಪವನ್ನು ಆರಂಭಿಸಬೇಕಾದ ಕಾಲ ಮುಂದಕ್ಕೆ ಹೋದದ್ದು ನಿಜ, ಆದರೆ ಲಕ್ಷಣಗಳನ್ನು ಕೊಂಚ ತಗ್ಗಿಸುವ ಗುಣ ಸೆಲೆಜಿಲಿನ್‌ಗೇ ಇದ್ದುದರಿಂದ, ಕೋಶಗಳ ಸಾವು ನಿಧಾನವಾಯಿತೆಂದು ಹೇಳಲು ಆಗಲಿಲ್ಲ. ಇಲ್ಲಿ ನಿಮ್ಮ ನಿರಾಶೆಗೆ ನನ್ನದೂ ಸೇರಿದೆ.

ಆದರೆ ಪ್ರಯೋಜನ ನಿರೀಕ್ಷಿಸದ ಕಡೆಯಿಂದ ಬಂತು. ಎಂಪಿಟಿಪಿಯಿಂದಾಗಿ, ಕಾಯಿಲೆಯ ಚಲನೆಯ ತೊಂದರೆಗಳನ್ನೆಲ್ಲ ತೋರುವ ಮಂಗಗಳು ಮೊದಲ ಬಾರಿಗೆ ಪ್ರಯೋಗಶಾಲೆಗೆ ದೊರೆತವು (ಆ ಪ್ರಾಣಿಗಳು ತೆತ್ತ ಬೆಲೆಯನ್ನು ಇಂಥ ಲೇಖನಗಳು ಸಾಮಾನ್ಯವಾಗಿ ಹೇಳುವುದಿಲ್ಲ). ನರರೋಗ ತಜ್ಞ ಮಾಲನ್ ಡಿಲಾಂಗ್ ಮತ್ತು ಸಂಗಡಿಗರು ಇಂಥ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಚಲನೆ ಮರಳಿದ್ದನ್ನು 1990ರಲ್ಲಿ ವರದಿ ಮಾಡಿದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಬಿದ್ ಮತ್ತು ಅವರ ತಂಡ ಮನುಷ್ಯರಲ್ಲಿ ಅದೇ ಜಾಗಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಎಲೆಕ್ಟ್ರೋಡ್ ಇಳಿಸಿತು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಎಂದು ನೀವು ಕೇಳಿರುವ ಶಸ್ತ್ರಚಿಕಿತ್ಸೆ ಇದೇ. ಡಿಲಾಂಗ್ ಮತ್ತು ಬೆನಬಿದ್ ಅವರಿಗೆ 2014ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ಇದು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದರೆ ಔಷಧದ ಪರಿಣಾಮ ದಿನವಿಡೀ ಏರಿಳಿಯುತ್ತಿರುವ ರೋಗಿಗೆ ಸರಾಗವಾಗಿ ಓಡಾಡುವ ಗಂಟೆಗಳನ್ನು ಕೊಡುತ್ತದೆ, ಅದನ್ನು ಅಲ್ಪವೆಂದು ನಾನು ಎಣಿಸುವುದಿಲ್ಲ.

ವಿಷವೇ ಕಾಯಿಲೆಯ ಕಾರಣವಲ್ಲ ಎಂಬ ನಿಮ್ಮ ಮಾತಿಗೆ ಬರೋಣ. ಇದನ್ನು ಲ್ಯಾಂಗ್‌ಸ್ಟನ್ ಅವರ ವಿರುದ್ಧ ಬಳಸುವುದು ಸರಿಯಲ್ಲ, ಏಕೆಂದರೆ ಎರಡೂ ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು ದಾಖಲಿಸಿದವರಲ್ಲಿ ಅವರೂ ಒಬ್ಬರು. ಎಂಪಿಟಿಪಿ ಮೈಸೇರಿದ್ದ ಮೂವರ ಮರಣೋತ್ತರ ಮಿದುಳಿನ ಪರೀಕ್ಷೆಯ ವರದಿಯನ್ನು ಅವರ ತಂಡ 1999ರಲ್ಲಿ ಪ್ರಕಟಿಸಿತು: ವಿಷ ಮೈಸೇರಿ ವರ್ಷಗಳು ಕಳೆದಿದ್ದರೂ ಕೋಶಗಳ ನಾಶ ನಿಂತಿರಲಿಲ್ಲ, ಆದರೆ ಪಾರ್ಕಿನ್ಸನ್ ಕಾಯಿಲೆಯ ಗುರುತಾದ, ನರಕೋಶಗಳೊಳಗೆ ಕಟ್ಟಿಕೊಳ್ಳುವ ಲೂಯಿ ಕಾಯಗಳೆಂಬ ಗಂಟುಗಳು ಕಾಣಲಿಲ್ಲ. ಅದೇ ವರ್ಷ ನರರೋಗ ತಜ್ಞೆ ಕ್ಯಾರೊಲಿನ್ ಟ್ಯಾನರ್ ಅವರ ನೇತೃತ್ವದಲ್ಲಿ, ಲ್ಯಾಂಗ್‌ಸ್ಟನ್ ಅವರೂ ಸಹಲೇಖಕರಾಗಿದ್ದ ಅವಳಿಗಳ ಅಧ್ಯಯನ, 50 ದಾಟಿದ ಮೇಲೆ ಬರುವ ಕಾಯಿಲೆಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದಲ್ಲವೆಂದೂ, ಅದಕ್ಕೆ ಮೊದಲು ಬಂದರೆ ದೊಡ್ಡದೆಂದೂ ತೋರಿಸಿತು. ಅಷ್ಟರಲ್ಲಿ, 1997ರಲ್ಲಿ, ಲೂಯಿ ಕಾಯಗಳಲ್ಲಿ ತುಂಬಿರುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ಎಂದು ಬೇರೆಯವರು ಕಂಡಿದ್ದರು. ಒಂದು ವಿಷದ ಮೇಲೆ ಹೆಸರು ಗಳಿಸಿದ ವಿಜ್ಞಾನಿ ಆ ವಿಷಕ್ಕೇ ಜೋತುಬೀಳಬಹುದಿತ್ತು. ಲ್ಯಾಂಗ್‌ಸ್ಟನ್ 2006ರಲ್ಲಿ ಬರೆದ ಪ್ರಬಂಧದಲ್ಲಿ, ನಡುಕ ಮತ್ತು ಬಿಗಿತ ಈ ಕಾಯಿಲೆಯ ಕಣ್ಣಿಗೆ ಕಾಣುವ ಭಾಗ ಮಾತ್ರ, ಅದು ಮಿದುಳಿನ ಒಂದೇ ಜಾಗಕ್ಕೆ ಸೀಮಿತವಲ್ಲ ಎಂದು ವಾದಿಸಿದರು. ಅದು ಎಂಪಿಟಿಪಿ ತೋರಿಸಿದ ಚಿತ್ರವನ್ನು ದಾಟಿ ಹೋಗುವ ವಾದ. ಪರಿಸರದ ಪ್ರಶ್ನೆಯೂ ಮುಗಿದಿಲ್ಲ. ರೊಟೆನೋನ್ ಎಂಬ ಕೀಟನಾಶಕ ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದವರಲ್ಲಿ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ಟ್ಯಾನರ್ ಅವರ 2011ರ ಅಧ್ಯಯನ ಹೇಳಿತು.

ನಿಮ್ಮ ತಂದೆಯವರ ವಿಷಯದಲ್ಲಿ ಸಮಾಧಾನಕ್ಕಾಗಿ ಏನನ್ನೂ ಉತ್ಪ್ರೇಕ್ಷಿಸಲಾರೆ. ಪಿಎಸ್‌ಪಿಯಲ್ಲಿ ಶೇಖರವಾಗುವುದು ಟೌ ಎಂಬ ಬೇರೆಯ ಪ್ರೋಟೀನ್. ಲೆವೊಡೋಪಕ್ಕೆ ಅದು ಅಷ್ಟಾಗಿ ಮಣಿಯುವುದಿಲ್ಲ, ಮೇಲೆ ಹೇಳಿದ ಶಸ್ತ್ರಚಿಕಿತ್ಸೆಯೂ ಅದಕ್ಕೆ ಒದಗುವುದಿಲ್ಲ. ಟೊರೊಂಟೊದ ಸ್ಟೀಲ್, ರಿಚರ್ಡ್‌ಸನ್ ಮತ್ತು ಒಲ್ಶೆವ್‌ಸ್ಕಿ 1964ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ್ದು, ರೋಗಿಗಳನ್ನು ಬದುಕಿದ್ದಾಗ ನೋಡಿ, ತೀರಿಕೊಂಡ ಮೇಲೆ ಅವರ ಮಿದುಳನ್ನೂ ಪರಿಶೀಲಿಸಿ. ಇಂದಿಗೂ ಖಚಿತ ನಿರ್ಣಯ ಸಿಗುವುದು ಅಲ್ಲಿಯೇ. ಮೇಲಿಂದ ಮೇಲೆ ಬೀಳುವುದು, ಕಣ್ಣುಗಳನ್ನು ಕೆಳಕ್ಕೆ ಹೊರಳಿಸಲಾಗದಿರುವುದು ಮುಂತಾದ ಚಿಹ್ನೆಗಳು ಕೆಲವರಲ್ಲಿ ಬೇಗ, ಕೆಲವರಲ್ಲಿ ವರ್ಷಗಳ ನಂತರ ತೋರುತ್ತವೆ. ಅಲ್ಲಿಯವರೆಗೆ ಪಾರ್ಕಿನ್ಸನ್‌ನಿಂದ ಇದನ್ನು ಬೇರ್ಪಡಿಸುವುದು ಅನುಭವಿ ತಜ್ಞರಿಗೂ ಕಷ್ಟ. ಆದ್ದರಿಂದ ಮೊದಲ ವೈದ್ಯರು ನಿಮಗೆ ಮೋಸ ಮಾಡಿದರೆಂಬ ನಿಮ್ಮ ಮಾತನ್ನು, ಕೇವಲ ನಿರ್ಣಯ ಬದಲಾಯಿತೆಂಬ ಆಧಾರದ ಮೇಲೆ, ನಾನು ಪ್ರಕಟಿಸಲಾರೆ. ಪತ್ರದ ಉಳಿದ ಭಾಗವನ್ನು ಈ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಮಾಡಿದ್ದೇವೆ.

— ಸಂಪಾದಕ